ಪ್ರತಿಕ್ರಿಯೆ: 'ಕೆರೆಗೆ ಹಾರ' ಪಾಠ, 'ಭಾಗೀರತಿ ಯಾಕೆ ಓಡಿಹೋಗಲಿಲ್ಲ?'

ಒಂಬತ್ತನೇ ತರಗತಿಯ ಮಕ್ಕಳು 'ಭಾಗೀರತಿ ಯಾಕೆ ಓಡಿಹೋಗಲಿಲ್ಲ?' ಅಂತ ಕೇಳಿದರೆ ಏನು ಹೇಳಲಿ ಅಂದಿದ್ದೀರಿ. 'ಕೆರೆಗೆ ಹಾರ' ಒಂದು ಜನಪದ ಲಾವಣಿ; ಕೆರೆಗೆ ನೀರು ಬರಲೆಂದು ಮಲ್ಲನಗೌಡನ ಕಿರಿಸೊಸೆ ಭಾಗೀರತಿಯನ್ನು ಬಲಿ ಕೊಡುವ ಕಥೆ. ನೀವು ಉತ್ತರ ಹೇಳಬೇಡಿ, ಲಾವಣಿಯಲ್ಲೇ ಹುಡುಕಿಸಿ.

ಮೊದಲು ಆಯ್ಕೆ ನಡೆಯುವ ಜಾಗ. ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರಿಲ್ಲ, ಬಲಿ ಬೇಕು. ಹಿರಿಸೊಸೆಯನ್ನು ಕೊಟ್ಟರೆ ಮನೆಗೆ ಹಿರಿತನಕ್ಕೆ ಯಾರೂ ಇರುವುದಿಲ್ಲ ಅನ್ನುವ ಲೆಕ್ಕ ಹಾಕಿ ಕಿರಿಯವಳ ಹೆಸರು ಎತ್ತುತ್ತಾರೆ. ಆ ಮಾತುಕತೆಯಲ್ಲಿ ಅವಳಿಲ್ಲ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಹಲಗೆಯ ಮೇಲೆ ಎರಡು ಸಾಲು ಬರೆಸಿ: ಯಾರು ಮಾತಾಡಿದರು, ಯಾರ ಬಗ್ಗೆ ಮಾತಾಡಿದರು. ಅಧಿಕಾರ ಎಲ್ಲಿದೆ ಅಂತ ಮಕ್ಕಳಿಗೇ ಕಾಣುತ್ತದೆ.

ಆಮೇಲೆ ತವರಿನ ಭಾಗ, ಇಲ್ಲಿ ಅವಸರ ಬೇಡ. ಅಪ್ಪನ ಮುಂದೆ ಅವಳು ನಿಜ ಹೇಳುವುದಿಲ್ಲ, ಅತ್ತೆ ಮಾವ ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಗೆಳತಿಯಾದರೂ ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಅನ್ನುತ್ತಾಳೆ. ಓಡುವ ದಾರಿ ಮುಚ್ಚಿರುವುದು ಇಲ್ಲಿ. ಮುಚ್ಚಿದ್ದು ಗೌಡನಲ್ಲ, ಅವಳನ್ನು ಪ್ರೀತಿಸುವವಳೇ.

ಸಾಮಾನ್ಯವಾಗಿ ಪಾಠ ಕೆಡುವುದು ಮೆಟ್ಟಿಲ ದೃಶ್ಯದಲ್ಲಿ, ಅವಳು ಕೆರೆಯ ಮೆಟ್ಟಿಲು ಏರುತ್ತಿದ್ದಂತೆ ನೀರು ಉಕ್ಕಿ ಅವಳನ್ನು ಮುಳುಗಿಸುವಲ್ಲಿ. ನೀರು ಪಾದದಿಂದ ಮೇಲೇರುವುದನ್ನು ರಾಗವಾಗಿ ಹಾಡಿ, 'ಎಂಥ ತ್ಯಾಗ' ಅಂದುಬಿಟ್ಟರೆ ಚರ್ಚೆ ಅಲ್ಲಿಗೇ ಸತ್ತಿತು. ಪೂಜೆ ಮುಗಿಸಿ ಬರುವಾಗ ಕೆರೆಯಲ್ಲಿ ಮರೆತ ಬಂಗಾರದ ಬಟ್ಟಲು ತರಲು ಅವಳನ್ನೇ ಯಾಕೆ ಕಳಿಸಿದರು ಅಂತ ಕೇಳಿ. ತ್ಯಾಗಕ್ಕೂ ಕೊಲೆಗೂ ವ್ಯತ್ಯಾಸ ಏನು ಅನ್ನುವ ವಾದ ತಾನೇ ಏಳುತ್ತದೆ, ಹದಿನೈದು ನಿಮಿಷ ಅದಕ್ಕೇ ಇಡಿ.

ಕೊನೆಯಲ್ಲಿ ಮಾದೇವರಾಯ ಕೆರೆಗೆ ಹಾರುವುದನ್ನು ಬಿಡಬೇಡಿ. ಊರು ಒಪ್ಪಿದ್ದನ್ನು ಒಪ್ಪದವನು ಅವನೊಬ್ಬನೇ.