ಕಫ ಕರಗಿಸುವ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ?

ಡಾಕ್ಟರು ಬರೆದುಕೊಡುವ ಅಸಿಟೈಲ್‌ಸಿಸ್ಟೀನ್ ಕಫವನ್ನು ಮಾಯ ಮಾಡುವುದಿಲ್ಲ, ಅದರ ಅಂಟನ್ನು ಕಡಿಮೆ ಮಾಡುತ್ತದೆ. ಆಗ ಕೆಮ್ಮಿದರೆ ಕಫ ಸಲೀಸಾಗಿ ಹೊರಬರುತ್ತದೆ.

ಕಫದಲ್ಲಿ ಹೆಚ್ಚಿನ ಪಾಲು ನೀರೇ. ಅದನ್ನು ಗಟ್ಟಿ ಮಾಡುವುದು ಮ್ಯೂಸಿನ್ ಎಂಬ ಉದ್ದುದ್ದ ಪ್ರೋಟೀನ್ ಎಳೆಗಳು. ಗಂಧಕದ ಕೊಂಡಿಗಳು ಈ ಎಳೆಗಳನ್ನು ಒಂದಕ್ಕೊಂದು ಕಟ್ಟಿ ಬಲೆಯಂತೆ ಹೆಣೆದಿರುತ್ತವೆ. ಅಸಿಟೈಲ್‌ಸಿಸ್ಟೀನ್‌ನಲ್ಲೂ ಗಂಧಕ ಇದೆ, ಅದು ಹೋಗಿ ಆ ಕೊಂಡಿಗಳನ್ನು ಬಿಡಿಸುತ್ತದೆ. ಬಲೆ ಹರಿದು ಕಫ ತೆಳುವಾಗುತ್ತದೆ. ಆಮೇಲೆ ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಅದನ್ನು ಗಂಟಲ ಕಡೆಗೆ ತಳ್ಳುತ್ತವೆ. ಔಷಧಿಗೆ ಕೊಳೆತ ಮೊಟ್ಟೆಯ ವಾಸನೆ ಬರುವುದೂ ಈ ಗಂಧಕದಿಂದಲೇ, ಅದು ಹಾಳಾಗಿದೆ ಅಂತಲ್ಲ.

ಈ ಪರಿಣಾಮ ನೇರವಾಗಿ ಸಿಗುವುದು ನೆಬ್ಯುಲೈಸರ್ (ದ್ರವ ಔಷಧಿಯನ್ನು ಮಂಜಿನಂತೆ ಮಾಡುವ ಯಂತ್ರ) ಮೂಲಕ ಉಸಿರಿನಲ್ಲಿ ಎಳೆದುಕೊಂಡಾಗ. ಮಾತ್ರೆ ನುಂಗಿದರೆ ಕರುಳು, ಲಿವರ್‌ಗಳೇ ಬಹುಪಾಲನ್ನು ಬದಲಾಯಿಸಿಬಿಡುತ್ತವೆ, ಶ್ವಾಸಕೋಶಕ್ಕೆ ತಲುಪುವುದು ಸ್ವಲ್ಪವೇ.

ಮೊದಮೊದಲು ಕೆಮ್ಮು ಜಾಸ್ತಿಯಾದ ಹಾಗೆ ಅನಿಸಬಹುದು. ಕಫ ಹೊರಗೆ ಬರಬೇಕಲ್ವಾ! ಹಾಗಂತ ಸುಮ್ನೆ ಕೆಮ್ಮು ಅಡಗಿಸುವ ಸಿರಪ್ ಕುಡಿಯಬೇಡಿ, ಸಡಿಲವಾದ ಕಫ ಒಳಗೇ ಉಳಿದೀತು. ಆಸ್ತಮಾ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಕೆಲವರಿಗೆ ಈ ಔಷಧಿಯಿಂದ ಶ್ವಾಸನಾಳ ಬಿಗಿಯುತ್ತದೆ.