ಎಲ್ ಪಾಸೊದಲ್ಲಿ ಲೋಕಲ್ ಫೀಸ್ ಯಾರಿಗೆ?

ಮಗಳನ್ನು ಉಡುಪಿಯಿಂದ ಎಂಎಸ್‌ಗೆ ಅಮೆರಿಕದ ಎಲ್ ಪಾಸೊದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು, ಅಲ್ಲಿ ವಿದೇಶಿಯರಿಗೂ ಲೋಕಲ್ ಫೀಸಂತೆ (ಅಂದ್ರೆ ಟೆಕ್ಸಾಸಿನವರಿಗೇ ಹಾಕುವ ಕಡಿಮೆ ಫೀಸು), ಹೌದಾ ಅಂತ ಕೇಳಿದ್ದೀರಿ. ಅರ್ಧ ಸತ್ಯ ಮಾರಾಯ್ರೆ. ಆ ರಿಯಾಯಿತಿ ಮೆಕ್ಸಿಕೋದವರಿಗೆ, ಅದೂ ದುಡ್ಡಿಗೆ ಕಷ್ಟ ಇದೆ ಅಂತ ತೋರಿಸಿದವರಿಗೆ. ರಿಯೊ ಗ್ರಾಂಡೆ ನದಿಯ ಆಚೆ ದಡದಲ್ಲೇ ಮೆಕ್ಸಿಕೋದ ಹ್ವಾರೆಸ್ ನಗರ. ಕಾಸರಗೋಡಿನ ಮಕ್ಕಳು ಮಂಗಳೂರಿಗೆ ಬಂದು ಹೋಗುವ ಹಾಗೆ ಅಲ್ಲಿಯವರು ಸೇತುವೆ ದಾಟಿ ಕ್ಲಾಸಿಗೆ ಬರುತ್ತಾರೆ. ನಮ್ಮ ತಲಪಾಡಿಯಲ್ಲಿ ವೀಸಾ ಕೇಳುವುದಿಲ್ಲ, ಅಷ್ಟೇ!

ನಿಮ್ಮ ಮಗಳಿಗೆ ಬೇರೆ ದಾರಿ ಇದೆ. ಸ್ಪರ್ಧೆಯ ಮೇಲೆ ಕೊಡುವ, ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಸಿಕ್ಕಿದರೆ ವಿದೇಶಿಯರಿಗೂ ಲೋಕಲ್ ಫೀಸ್ ಹಾಕಲು ಟೆಕ್ಸಾಸ್ ಕಾನೂನಿನಲ್ಲಿ ಅವಕಾಶ ಇದೆ. ಸ್ಕಾಲರ್‌ಶಿಪ್ ಹಣಕ್ಕಿಂತ ಫೀಸಿನಲ್ಲಿ ಉಳಿಯುವುದೇ ಜಾಸ್ತಿ. ಅರ್ಧ ದಿನದ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕರೂ ಹಾಗೇ. ಸುಮ್ನೆ ಏಜೆಂಟರ ಹಿಂದೆ ಹೋಗಬೇಡಿ, ನೇರ ಡಿಪಾರ್ಟ್‌ಮೆಂಟಿಗೇ ಮೇಲ್ ಹಾಕಿ.