ಹನ್ನೆರಡು ಸಾವಿರದಲ್ಲಿ ಒಬ್ಬ

ಪ್ರಿಯರೇ,

ನಿಮ್ಮ ‘ಕರಿಗಡಿಯ ಯುದ್ಧ’ ಕಾದಂಬರಿ ಕಕ್ಕಡ ತಿಂಗಳ ಮಳೆಯಲ್ಲಿ ಬಂತು. ಲಕೋಟೆಯ ಒಂದು ಮೂಲೆ ನೆಂದಿತ್ತು. ಒಳಗಿನ 86 ಪುಟಗಳಿಗೆ ಏನೂ ಆಗಿರಲಿಲ್ಲ. ಮಡಿಕೇರಿಯಲ್ಲಿ ಆ ರಾತ್ರಿ ಕರೆಂಟ್ ಇರಲಿಲ್ಲ, ಟಾರ್ಚ್ ಪಕ್ಕಕ್ಕಿಟ್ಟುಕೊಂಡು ಓದಿ ಮುಗಿಸಿದೆ. ಮರುದಿನ ಮತ್ತೆ ಓದಿದೆ, ಈ ಸಲ ಸಿಟ್ಟಿನಿಂದ. ಸಿಟ್ಟು ಬಾರದೆ ಇದ್ದಿದ್ದರೆ ಎರಡು ಸಾಲಿನ ಪೋಸ್ಟ್‌ಕಾರ್ಡ್ ಹಾಕಿ ಸುಮ್ಮನಿರುತ್ತಿದ್ದೆ.

ಭಾಷೆ ಚೆನ್ನಾಗಿದೆ. ಕಾಗುಣಿತದ ತಪ್ಪು ಕಮ್ಮಿ. ನಿಮ್ಮ ಕಥೆಯ ಹುಡುಗಿ ದೇವರಕಾಡಿನ ಅಂಚಿಗೆ ಬಂದು, ಕೆಳಗೆ ಬಿದ್ದ ಒಣ ಕೊಂಬೆಯನ್ನೂ ಮುಟ್ಟದೆ ಬರಿಗೈಯಲ್ಲಿ ಮನೆಗೆ ಹೋಗುವ ಪುಟ ನನಗೆ ಇಷ್ಟವಾಯಿತು.

ಜೊತೆಗಿಟ್ಟ ಪತ್ರದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಲಾರ್ಡ್ ಆಫ್ ದಿ ರಿಂಗ್ಸ್ ಸಿನಿಮಾಗಳನ್ನು ಹನ್ನೊಂದು ಸಲ ನೋಡಿದ್ದೇನೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಯುದ್ಧ ಅಂದರೆ ಅದು. ಕನ್ನಡದಲ್ಲಿ ಅಂಥದ್ದು ಇಲ್ಲ.’ ಈ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಪುಟ 4. ‘ಝಾರ್ಗಾನ್ ಹುಟ್ಟಿನಿಂದಲೇ ದುಷ್ಟನಾಗಿದ್ದನು. ಅವನು ಶಪಿಸಿದ ಕೂಡಲೇ ಬೆಟ್ಟ ಕುಸಿದು ಏಳು ಹಳ್ಳಿಗಳು ಮಣ್ಣಾದವು.’

ನೀವು ನಮ್ಮ ಕೊಡಗಿನ ನಾಪೋಕ್ಲು ಕಡೆಯವರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜಾರಿದಾಗ ನೀವು ಶಾಲೆಗೆ ಹೋಗುತ್ತಿದ್ದಿರಬೇಕು. ನಾನು ನೆಂಟರನ್ನು ಹುಡುಕಿಕೊಂಡು ಒಂದು ಪರಿಹಾರ ಕೇಂದ್ರದಿಂದ ಇನ್ನೊಂದಕ್ಕೆ ಅಲೆಯುತ್ತಿದ್ದೆ. ಅಲ್ಲಿ ಯಾರೂ ಯಾರ ಶಾಪದ ಮಾತನ್ನೂ ಆಡಲಿಲ್ಲ. ಮಳೆ ವಿಪರೀತ ಸುರಿದಿತ್ತು, ನಿಜ. ಆದರೆ ರಸ್ತೆಗೆ, ಮನೆಗೆ ಅಂತ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣ ಎಂದು ಆಮೇಲೆ ಭೂವಿಜ್ಞಾನಿಗಳು ಹೇಳಿದರು. ಬುಡ ಕಡಿದ ಗುಡ್ಡಕ್ಕೆ ಆಸರೆ ಇರುವುದಿಲ್ಲ. ಮೇಲಿನ ಮಣ್ಣು ನೀರು ಕುಡಿದು ಭಾರವಾದಾಗ ಕೆಳಗೆ ಹಿಡಿದು ನಿಲ್ಲಿಸಲು ಏನೂ ಉಳಿದಿರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಗುಡ್ಡ ಕಡಿಸುವವರು ಯಾರು? ಒಬ್ಬರಿಗೆ ಕಾಫಿ ರೇಟ್ ಬಿದ್ದು ಸಾಲ ಏರಿರುತ್ತದೆ, ಒಂದು ಹೋಮ್‌ಸ್ಟೇ ಕಟ್ಟಿದರೆ ತೀರುತ್ತದೆ ಅನ್ನುವ ಲೆಕ್ಕ. ಇನ್ನೊಬ್ಬರಿಗೆ ಮಗಳ ಮದುವೆಯೊಳಗೆ ಮನೆ ಬಾಗಿಲಿಗೆ ಕಾರು ಬರಬೇಕು. ಜೆಸಿಬಿ ತರಿಸಿದವರಲ್ಲಿ ನನ್ನ ಹತ್ತಿರದವರೂ ಇದ್ದಾರೆ. ಅವರ ಮನೆಯಲ್ಲಿ ಊಟ ಮಾಡಿದ್ದೇನೆ. ಅವರಲ್ಲಿ ಯಾರೂ ಹುಟ್ಟಿನಿಂದ ದುಷ್ಟರಲ್ಲ.

ನೀವು ಹನ್ನೊಂದು ಸಲ ನೋಡಿದ ಕಥೆಯಲ್ಲೂ ಹೀಗೇ ಅಲ್ವಾ? ಕೇಡಿನ ಉಂಗುರವನ್ನು ಬೆಂಕಿಗೆ ಎಸೆದು ನಾಶ ಮಾಡಲು ಹೊರಟ ಫ್ರೋಡೊ ಅಷ್ಟು ದೂರ ನಡೆದು, ಬೆಂಕಿಯ ಅಂಚಿನಲ್ಲಿ ನಿಂತು, ಉಂಗುರ ನನ್ನದು ಅಂದುಬಿಡುತ್ತಾನೆ. ಅವನು ಅದನ್ನು ಎಸೆಯುವುದೇ ಇಲ್ಲ. ಆ ಉಂಗುರದ ಆಸೆಗೆ ಬಿದ್ದ ಗೊಲ್ಲಮ್ ಅವನ ಬೆರಳು ಕಚ್ಚಿ ಕಿತ್ತು, ಉಂಗುರದ ಸಮೇತ ಬೆಂಕಿಗೆ ಬೀಳುತ್ತಾನೆ. ಕಥೆಯಲ್ಲೇ ಒಳ್ಳೆಯವನು ಅನ್ನಿಸಿಕೊಂಡವನು ಕೊನೆಯ ಹೆಜ್ಜೆಯಲ್ಲಿ ಸೋತಿದ್ದಾನೆ. ನಿಮ್ಮ ಕಥೆಯಲ್ಲಿ ಯಾರೂ ಹಾಗೆ ಸೋಲುವುದಿಲ್ಲ. ಒಳ್ಳೆಯವರು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಒಳ್ಳೆಯವರು.

ನಾನೂ ಹೀಗೆ ಬರೆದವನೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಇಲ್ಲಿಯ ಒಂದು ಸಣ್ಣ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಅಚ್ಚಿನ ಮೊಳೆ ಜೋಡಿಸುವ ಕಾಲ ಅದು, ಬೆರಳ ಮಸಿ ಸಂಜೆಯಾದರೂ ಹೋಗುತ್ತಿರಲಿಲ್ಲ. ಅಲ್ಲಿಂದ ಬರುತ್ತಿದ್ದ ವಾರಪತ್ರಿಕೆಗೆ ಒಂದು ಕಥೆ ಕೊಟ್ಟೆ. ಅದರಲ್ಲಿ ಒಬ್ಬ ಕ್ರೂರ ತೋಟದ ಸಾಹುಕಾರ, ದಪ್ಪ ಮೀಸೆ, ಕೈಯಲ್ಲಿ ಬೆತ್ತ. ಹಿರಿಯ ಸಂಪಾದಕರು ಓದಿ, ಹಾಳೆ ತಿರುಗಿಸಿ, ಹಿಂಬದಿಯಲ್ಲಿ ಕೆಂಪು ಪೆನ್ನಿನಿಂದ ‘ಈತನ ಒಂದು ದಿನ ಬರೆದು ತಾ’ ಎಂದು ಗೀಚಿ ಕೊಟ್ಟರು. ನನಗೆ ಅವಮಾನವಾಯಿತು. ಆದರೂ ಬರೆದೆ. ಸಾಹುಕಾರ ಬೆಳಿಗ್ಗೆ ಎದ್ದ. ಕಣದಲ್ಲಿ ಹರವಿದ ಕಾಫಿಯ ಮೇಲೆ ಮಂಜು ಬಿದ್ದಿದೆಯಾ ಎಂದು ಬಗ್ಗಿ ಮುಟ್ಟಿ ನೋಡಿದ. ನಾಯಿಗೆ ರೊಟ್ಟಿ ಹಾಕಿದ. ಆಳಿನ ಕೂಲಿಯಲ್ಲಿ ಒಂದು ದಿನದ್ದು ಮುರಿದ. ಮುರಿದದ್ದನ್ನು ಚೀಟಿಯಲ್ಲಿ ಬರೆದು ಜೇಬಿಗೆ ಇಟ್ಟುಕೊಂಡ. ಆ ಚೀಟಿಯವರೆಗೆ ಬಂದಾಗ ನನ್ನ ಕೈ ನಿಂತಿತು. ಹಾಗೆ ಚೀಟಿ ಬರೆದು ಜೇಬಿಗೆ ಇಡುತ್ತಿದ್ದವರು ನನ್ನ ಸೋದರಮಾವ. ನನ್ನ ಶಾಲೆಯ ಫೀಸು ಕಟ್ಟಿದವರು ಅವರೇ. ಆ ಕಥೆ ಎಲ್ಲೂ ಅಚ್ಚಾಗಲಿಲ್ಲ. ನಾನು ಅದನ್ನು ಮತ್ತೆ ಕೊಡಲೂ ಇಲ್ಲ. ಆದರೆ ಅವತ್ತಿನಿಂದ ‘ದುಷ್ಟ’ ಅನ್ನುವ ಪದ ಬರೆಯುವ ಮೊದಲು ಆ ಚೀಟಿ ಕಣ್ಣಿಗೆ ಬರುತ್ತದೆ.

ಈಗ ಪುಟ 58. ‘ಝಾರ್ಗಾನನ ಸೈನಿಕರು ಕಪ್ಪಗೆ, ಕುರೂಪಿಗಳಾಗಿ, ಗಬ್ಬು ನಾರುತ್ತಿದ್ದರು.’

ಈ ಸಾಲಿಗೇ ನನಗೆ ಸಿಟ್ಟು ಬಂದದ್ದು. ಕೊಡಗಿನ ತೋಟಗಳಲ್ಲಿ ಕೂಲಿಯವರ ಲೈನ್‌ಮನೆಗಳಿವೆ. ಅಲ್ಲಿಂದ ಶಾಲೆಗೆ ಬರುವ ಎರವ, ಕುರುಬ ಬುಡಕಟ್ಟುಗಳ ಮಕ್ಕಳು ಹಿಂದಿನ ಬೆಂಚಿನಲ್ಲಿ ಕೂತು ಯಾವ ಮಾತು ಕೇಳಿ ಬೆಳೆಯುತ್ತಾರೆ ಗೊತ್ತಾ? ಇದೇ ಮೂರು ಮಾತು. ಬಣ್ಣ, ಮುಖ, ನಾತ. ನನ್ನ ತರಗತಿಯಲ್ಲೂ ಅಂದರು. ನಾನೂ ನಕ್ಕಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ಮಕ್ಕಳಲ್ಲಿ ಒಬ್ಬಳು ನಾಳೆ ನಿಮ್ಮ ಪುಸ್ತಕ ಹಿಡಿದರೆ, ತನ್ನಂಥವರನ್ನು ಯಾವ ಸೈನ್ಯದಲ್ಲಿ ಹುಡುಕಬೇಕು? ಇದು ನನ್ನ ಕಲ್ಪನೆಯ ಲೋಕ ಅಂತ ನೀವು ಹೇಳಬಹುದು. ಕಲ್ಪನೆಯ ಲೋಕಕ್ಕೆ ಬಣ್ಣ ಹಚ್ಚಿದವರು ನೀವೇ ಅಲ್ವಾ? ಅಲ್ಲಿ ಕೆಟ್ಟವರು ಬೇರೆ ಯಾವ ಬಣ್ಣದವರಾದರೂ ಆಗಬಹುದಿತ್ತು.

ಮುಂದಿನ ಸಾಲು: ‘ಮಣಿ ಒಡೆದ ಕ್ಷಣದಲ್ಲಿ ಹನ್ನೆರಡು ಸಾವಿರ ಸೈನಿಕರು ಬೂದಿಯಾದರು. ಎಲ್ಲರೂ ಕುಣಿದು ಸಂಭ್ರಮಿಸಿದರು.’ ಅಷ್ಟೂ ಜನರನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದೀರಿ. ಅದಕ್ಕೇ ಮೊದಲು ಅವರನ್ನು ಕುರೂಪಿಗಳು ಮಾಡಿದ್ದೀರಿ ಅನ್ನಿಸಿತು. ಸತ್ತಾಗ ಓದುಗರಿಗೆ ನೋವಾಗಬಾರದು, ಕುಣಿಯಲು ಅಡ್ಡಿ ಆಗಬಾರದು.

ನೀವು ನೋಡಿದ ಸಿನಿಮಾಗಳ ಮೂಲ ಕಾದಂಬರಿ ‘ಲಾರ್ಡ್ ಆಫ್ ದಿ ರಿಂಗ್ಸ್’ನ 1954ರಲ್ಲಿ ಬಂದ ಎರಡನೇ ಸಂಪುಟದಲ್ಲಿ ಒಂದು ಜಾಗ ಇದೆ. ದಕ್ಷಿಣದಿಂದ ಬಂದ ಶತ್ರು ಸೈನಿಕನೊಬ್ಬ ಕುತ್ತಿಗೆಗೆ ಬಾಣ ತಾಗಿ ಫ್ರೋಡೊನ ಜೊತೆಗಾರ ಸ್ಯಾಮ್‌ನ ಎದುರಿಗೇ ಬಿದ್ದು ಸಾಯುತ್ತಾನೆ. ಕಂದು ಬಣ್ಣದ ಕೈ ಮುರಿದ ಕತ್ತಿಯನ್ನು ಇನ್ನೂ ಹಿಡಿದಿರುತ್ತದೆ. ಸ್ಯಾಮ್ ಸಾಮಾನ್ಯ ತೋಟದ ಆಳು. ಅವನಿಗೆ ಅನ್ನಿಸುತ್ತದೆ: ಇವನ ಹೆಸರೇನು? ನಿಜಕ್ಕೂ ಕೆಟ್ಟವನೇ? ಯಾವ ಸುಳ್ಳು, ಯಾವ ಬೆದರಿಕೆ ಇವನನ್ನು ಮನೆಯಿಂದ ಇಷ್ಟು ದೂರ ತಂದಿತು? ಸಿನಿಮಾದ ಉದ್ದನೆಯ ಆವೃತ್ತಿಯಲ್ಲಿ ಈ ಮಾತು ಫರಾಮಿರ್ ಎಂಬ ಸೇನಾನಾಯಕನ ಬಾಯಲ್ಲಿದೆ. ನೀವು ನೋಡಿದ್ದು ಯಾವ ಆವೃತ್ತಿಯೋ. ಕಾದಂಬರಿ ಬರೆದ ಟೋಲ್ಕಿನ್ 1916ರಲ್ಲಿ, ಮೊದಲನೇ ಮಹಾಯುದ್ಧದ ಸೊಮ್ ಕದನದಲ್ಲಿ ಇದ್ದವರು. ತಾನೇ ಸೃಷ್ಟಿಸಿದ ಶತ್ರು ಸೈನ್ಯದ ಆರ್ಕ್‌ಗಳು ಪೂರ್ತಿ ಕೆಟ್ಟವರಾಗಲು ಸಾಧ್ಯವೇ ಅನ್ನುವ ಪ್ರಶ್ನೆ ಅವರನ್ನು ಬಹಳ ವರ್ಷ ಕಾಡಿತು.

ಕನ್ನಡದಲ್ಲಿ ಇಲ್ಲ ಅಂದಿರಿ. ಸಾವಿರ ವರ್ಷದ ಹಿಂದೆ ರನ್ನ ಇದನ್ನೇ ಬರೆದಿದ್ದಾನೆ, ಇನ್ನೂ ಕಷ್ಟದ ಕಡೆಯಿಂದ. ‘ಗದಾಯುದ್ಧ’ದಲ್ಲಿ ಹೆಣಗಳ ನಡುವೆ ನಡೆಯುವವನು ದುರ್ಯೋಧನ. ನಾವೆಲ್ಲ ಕೆಟ್ಟವನು ಅಂತ ಮೊದಲೇ ತೀರ್ಮಾನ ಮಾಡಿಟ್ಟವನು. ಅವನು ಅಭಿಮನ್ಯುವಿನ ಹೆಣದ ಮುಂದೆ ನಿಲ್ಲುತ್ತಾನೆ. ತನ್ನವರೇ ಸುತ್ತುಗಟ್ಟಿ ಕೊಂದ ಹುಡುಗ ಅವನು. ದುರ್ಯೋಧನ ಅವನಿಗೆ ಕೈ ಮುಗಿದು, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ನನಗೂ ಬರಲಿ ಅನ್ನುತ್ತಾನೆ. ಆ ಜಾಗ ಪಾಠದಲ್ಲಿ ಓದಿದಾಗ ನಾನು ಸುಮ್ನೆ ಬಾಯಿಪಾಠ ಮಾಡಿದ್ದೆ. ಪರಿಹಾರ ಕೇಂದ್ರದಿಂದ ವಾಪಸ್ಸು ಬಂದ ವಾರ ಮತ್ತೆ ತೆಗೆದು ಓದಿದೆ. ಅವತ್ತು ಅಳು ಬಂತು. ಇಷ್ಟೆಲ್ಲ ಬೇಡ, ಪುಣ್ಯಕೋಟಿಯ ಹಾಡಿನ ಹುಲಿಯನ್ನೇ ನೆನಪು ಮಾಡಿಕೊಳ್ಳಿ. ಅದು ಹಸಿದ ಹುಲಿ. ಕೊನೆಗೆ ನಾಚಿಕೆಯಿಂದ ಅದೇ ಪ್ರಾಣ ಬಿಡುತ್ತದೆ. ನಾಲ್ಕು ವರ್ಷದ ಮಗು ಆ ಹುಲಿಗಾಗಿಯೂ ಮುಖ ಸಣ್ಣದು ಮಾಡುತ್ತದೆ.

ನಿಮಗೂ ಇದು ಗೊತ್ತಿದೆ. ಪುಟ 61ರಲ್ಲಿ ಒಂದು ಸಾಲು ನಿಮ್ಮ ಕೈಯಿಂದ ಜಾರಿ ಬಂದಿದೆ: ‘ಕೋಟೆಯ ಹಿಂಬಾಗಿಲ ಕಾವಲುಗಾರ ತೊರೆಯಲ್ಲಿ ಕೈ ತೊಳೆದುಕೊಳ್ಳುತ್ತಿದ್ದ. ಹುಡುಗಿ ಹಿಂದಿನಿಂದ ಇರಿದಳು.’ ಅಷ್ಟೇ. ಮುಂದಿನ ಸಾಲಿನಲ್ಲಿ ಅವಳು ಮೆಟ್ಟಿಲು ಹತ್ತುತ್ತಾಳೆ. ನಾನು ಮಾತ್ರ ಅಲ್ಲೇ ನಿಂತೆ. ಬಿದ್ದ ಕೊಂಬೆಯನ್ನೂ ಮುಟ್ಟದ ಹುಡುಗಿ ಇವಳೇ ಅಲ್ವಾ? ಅವನ ಕೈಯಲ್ಲಿ ಏನಿತ್ತು? ರಕ್ತವಾ, ಕೆಸರಾ, ಬೆಳಗಿನ ಅನ್ನದ ಅಗುಳಾ?

ಕಾದಂಬರಿಯನ್ನು ವಾಪಸ್ಸು ಕಳಿಸುತ್ತಿದ್ದೇನೆ. ಬೇರೆ ಪುಟಗಳಿಗೆ ನಾನು ಗೆರೆ ಎಳೆದಿಲ್ಲ, ಈಗ ಅವುಗಳಿಗೆ ಕೈ ಹಾಕಬೇಡಿ. ಪುಟ 61 ಒಂದನ್ನೇ ಮತ್ತೆ ಬರೆಯಿರಿ. ಕಾವಲುಗಾರನ ಕಡೆಯಿಂದ, ಬೆಳಗಿನಿಂದ ಶುರು ಮಾಡಿ, ತೊರೆಯವರೆಗೆ. ಎಷ್ಟು ಉದ್ದ ಆದರೂ ಸರಿ. ಹುತ್ತರಿ ಹಬ್ಬದೊಳಗೆ ಕಳಿಸಿದರೆ ಒಳ್ಳೆಯದು. ಈ ಸಲ ಲಕೋಟೆಗೆ ಪ್ಲಾಸ್ಟಿಕ್ ಸುತ್ತಿ.